ಕುಕ್ಕರ್ ಕೂಗು ಎಣಿಸಿದವನು

ಒಂದೂರಲ್ಲಿ ಒಬ್ಬ ಇದ್ದ. ಶ್ರೀಮಂತ ಅಲ್ಲ, ಇನ್ನೇನು ಶ್ರೀಮಂತ ಆಗಿಬಿಟ್ಟೆ ಅಂದ್ಕೊಂಡಿದ್ದವನು. ಶ್ರೀಮಂತರ ಕಥೆ ನೀವು ಬೇಕಾದಷ್ಟು ಕೇಳಿದ್ದೀರಿ. ಕೇಳಿ ಒಬ್ಬರೂ ಶ್ರೀಮಂತರಾಗಿದ್ದು ನಾನಂತೂ ನೋಡಿಲ್ಲ. ಅದಕ್ಕೇ ಇವತ್ತು ಇವನ ಕಥೆ.

ಮುರಿಗೆಪ್ಪ ಅಂತಿಟ್ಕೊಳ್ಳಿ. ಕಾಲೇಜಿನ ಫಿಸಿಕ್ಸ್ ಲ್ಯಾಬಲ್ಲಿ ಸಹಾಯಕ. ಮೇಷ್ಟ್ರಲ್ಲ, ಆದ್ರೂ ಬೀದಿಯವರೆಲ್ಲ ಮೇಷ್ಟ್ರೇ ಅಂತಿದ್ರು, ಇವನೂ ತಿದ್ದಲಿಲ್ಲ. ವೈರು, ಬೆಸುಗೆ ಎಲ್ಲಾ ಕೈಗೆ ಹತ್ತಿತ್ತು. ಕೆಲಸದ ಜೊತೆಗೆ ಸಣ್ಣದಾಗಿ ಏನಾದರೂ ಮಾಡಿ ಮಾರಬೇಕು ಅಂತ ಆಸೆ. ತಪ್ಪಾ? ತಪ್ಪೇನಿಲ್ಲ. ಆಸೆ ಬಿಡಿ ಅಂತ ಹೇಳೋ ಸ್ವಾಮಿ ಬೇಕಿದ್ರೆ ಬೇರೆ ಮಠಕ್ಕೆ ಹೋಗಿ.

ಒಂದು ದಿನ ಹೆಂಡತಿ ಸರ್ವಮಂಗಳ ಅಡುಗೆಮನೆಯಿಂದ ಕೂಗಿದಳು, "ರೀ, ಕುಕ್ಕರ್ ಎಷ್ಟು ಸಲ ಕೂಗಿತು? ಎರಡಾ, ಮೂರಾ?"

ಆಯ್ತು. ಬುದ್ಧನಿಗೆ ಮರದ ಕೆಳಗೆ ಆದದ್ದು ಇವನಿಗೆ ಸೋಫಾ ಮೇಲೆ ಆಯ್ತು. ಕುಕ್ಕರ್ ಕೂಗು ಎಣಿಸೋ ಯಂತ್ರ! ಮೂರು ಅಂತ ಒತ್ತಿಟ್ಟರೆ ಮೂರನೇ ಕೂಗಿಗೆ ಗಂಟೆ ಹೊಡೆಯುತ್ತೆ. ಒಂದು ಮಾಡಿದ, ಊರೆಲ್ಲ ತೋರಿಸಿಕೊಂಡು ಬಂದ. "ಹೆಂಗಿದೆ?" "ಅಬ್ಬಾ, ಏನು ತಲೆ ಮೇಷ್ಟ್ರೇ ನಿಮ್ಮದು!" ಪಕ್ಕದ ಮನೆಯವರು ಹಾಗಂದ್ರು. ಸಹೋದ್ಯೋಗಿಗಳು ಹಾಗಂದ್ರು. ಅವನ ದೊಡ್ಡಮ್ಮ ಅಂತೂ ದೃಷ್ಟಿ ತೆಗೆದಳು. ಯಂತ್ರಕ್ಕಲ್ಲ, ಇವನಿಗೆ.

ನೋಡಿ, ಹೊಗಳಿಕೆ ಹೊಟ್ಟೆ ತುಂಬಿಸಲ್ಲ, ಆದ್ರೆ ತಲೆ ತುಂಬಿಸುತ್ತೆ. ರಜಾ ಹಾಕಿ ಕೂತು ಐವತ್ತು ಯಂತ್ರ ಮಾಡಿದ. ಮಂಚದ ಕೆಳಗೆಲ್ಲ ಅದೇ. ಅಷ್ಟಕ್ಕೇ ನಿಂತಿದ್ರೆ ಚಿಂತೆ ಇರಲಿಲ್ಲ. ರಾಜೀನಾಮೆ ಪತ್ರ ಬರೆದು ಜೇಬಲ್ಲಿ ಇಟ್ಕೊಂಡ. ಸೋಮವಾರ ಪ್ರಿನ್ಸಿಪಾಲರ ಮೇಜಿನ ಮೇಲೆ ಇಡೋದು, ಹೊರಗೆ ಬರೋದು.

ಶನಿವಾರ ಬಟ್ಟೆ ನೆನೆಸುವಾಗ ಪತ್ರ ಸರ್ವಮಂಗಳನ ಕೈಗೆ ಸಿಕ್ಕಿತು. ಓದಿದಳು. ಕೂಗಾಡಲಿಲ್ಲ. ಪತ್ರ ಮಡಚಿ ಅವನ ಕೈಗೇ ವಾಪಸ್ ಕೊಟ್ಟಳು.

"ರಾಜೀನಾಮೆ ಕೊಡಿ ರೀ, ಬೇಡ ಅನ್ನಲ್ಲ. ಆದ್ರೆ ನಾಳೆ ಒಂದು ಮಾರಿ ಬನ್ನಿ. ಒಂದೇ ಒಂದು. ಹಂಗೇ ಕೊಟ್ಟು ಬರೋದಲ್ಲ, ಮಾರಿ ಬರಬೇಕು."

"ಒಂದಾ? ಚೀಲ ಖಾಲಿ ಮಾಡ್ಕೊಂಡು ಬರ್ತೀನಿ ನೋಡ್ತಿರು!"

ಭಾನುವಾರ ಬೆಳಿಗ್ಗೆ ಹೊರಟ. ಪಕ್ಕದ ಮನೆಯವರು "ಮುಂದಿನ ತಿಂಗಳು ನೋಡೋಣ" ಅಂದ್ರು. ಅಬ್ಬಾ ಏನು ತಲೆ ಅಂದಿದ್ದ ಸಹೋದ್ಯೋಗಿ ಕಿಟಕಿಯಿಂದ ಇಣುಕಿ, ಮನೆಯಲ್ಲಿ ಇಲ್ಲ ಅಂತ ಮಗಳ ಕೈಲಿ ಹೇಳಿಸಿದ. ದೊಡ್ಡಮ್ಮನೋ, ಕಾಫಿ ಕೊಟ್ಟು, ಚಕ್ಕುಲಿ ಕೊಟ್ಟು, "ನನಗ್ಯಾಕಪ್ಪಾ? ಬೇರೆಯವರಿಗೆ ಬಹಳ ಉಪಯೋಗ ಆಗುತ್ತೆ" ಅಂದಳು. ಈ ಬೇರೆಯವರು ಯಾವ ಬೀದಿಯಲ್ಲಿ ಇರ್ತಾರೆ ತಾಯಂದಿರೇ? ನಾನೂ ಹುಡುಕ್ತಾ ಇದ್ದೀನಿ. ನನ್ನ ಪ್ರವಚನ ಎಲ್ಲಾ ಅವರಿಗೇ ಅನ್ವಯಿಸೋದಂತೆ!

ಮಧ್ಯಾಹ್ನದ ಹೊತ್ತಿಗೆ ಸೋತು, ಬಾಯಿ ಒಣಗಿ, ಪೇಟೆಯಲ್ಲಿ ಪಾತ್ರೆ ಅಂಗಡಿ ತಿಪ್ಪಕ್ಕನ ಮುಂದೆ ನಿಂತ. ಮೂವತ್ತು ವರ್ಷದಿಂದ ಪಾತ್ರೆ ಮಾರೋ ಹೆಂಗಸು. ಯಂತ್ರವನ್ನ ತಿರುಗಿಸಿ ಮುರುಗಿಸಿ ನೋಡಿದಳು.

"ಮೇಷ್ಟ್ರೇ, ಎಣಿಕೆ ತಪ್ಪಿದ್ರೆ ಏನಾಗುತ್ತೆ?"

"ಬೇಳೆ ಜಾಸ್ತಿ ಬೇಯುತ್ತೆ."

"ಜಾಸ್ತಿ ಬೆಂದ್ರೆ?"

"...ಸಾರಿಗೆ ಚೆನ್ನಾಗಿ ಕೂಡ್ಕೊಳುತ್ತೆ."

"ಅದನ್ನ ತಪ್ಪಿಸೋಕೆ ಯಾರಾದ್ರೂ ದುಡ್ಡು ಕೊಡ್ತಾರಾ?"

ಮುರಿಗೆಪ್ಪ ಯಂತ್ರ ವಾಪಸ್ ಚೀಲಕ್ಕೆ ಹಾಕಿದ. ಸ್ಟೂಲಿನ ಮೇಲೆ ಕುಸಿದ. ಕಣ್ಣಲ್ಲಿ ನೀರು. ತಿಪ್ಪಕ್ಕ ಸಮಾಧಾನ ಹೇಳಲಿಲ್ಲ, ಅವಳಿಗೆ ಗಿರಾಕಿ ಇದ್ರು. ಹೋಗೋಕೆ ಕಾಲು ಬರದೆ ಇವನು ಅಲ್ಲೇ ಕೂತ. ಬಾಯಿ ಮುಚ್ಚಿಕೊಂಡು ಕೂತ. ಅವನ ಜೀವನದಲ್ಲಿ ಅದೇ ಮೊದಲು.

ಒಬ್ಬಾಕೆ ದೋಸೆ ಹಂಚು ತಂದಿದ್ದಳು. ಹಿಡಿ ಸುಟ್ಟುಹೋಗಿ ಹಳೇ ಸೀರೆ ಚೂರು ಸುತ್ತಿದ್ದಳು. "ಇದಕ್ಕೆ ಹಿಡಿ ಸಿಗುತ್ತಾ ಅಕ್ಕಾ?" "ಈ ಅಳತೆದು ಈಗ ಬರಲ್ಲಮ್ಮ, ಹೊಸ ಹಂಚೇ ತಗೋ." "ಇದು ಪಳಗಿದೆ, ದೋಸೆ ಹೂವಿನ ಹಂಗೆ ಏಳುತ್ತೆ" ಅಂತ ವಾಪಸ್ ಹೊರಟಳು. ಅಂಗೈಯಲ್ಲಿ ಸುಟ್ಟ ಗಾಯ. ಆಮೇಲೆ ಇನ್ನೊಬ್ಬಳು ಬಂದಳು, ಬಾಣಲೆಗೆ ತಂತಿ ಕಟ್ಟಿಕೊಂಡು. ಸಂಜೆಯೊಳಗೆ ನಾಲ್ಕು ಜನ.

ಮುರಿಗೆಪ್ಪ ಎದ್ದು ನಾಲ್ಕನೆಯವಳ ಹಿಂದೆ ಓಡಿದ. "ಅಮ್ಮಾ, ಮರದ ಹಿಡಿ ಮಾಡಿ ಕೂರಿಸಿ ಕೊಟ್ರೆ ತಗೋತೀರಾ?"

ಆಕೆ ಚೆನ್ನಾಗಿರುತ್ತೆ ಅನ್ನಲಿಲ್ಲ. ತಲೆ ತಿನ್ನಬೇಡಿ ಅನ್ನೋ ಮುಖ ಮಾಡಿ ಕೇಳಿದಳು, "ಯಾವತ್ತು ಕೊಡ್ತೀರಿ? ಮುಂಗಡ ಎಷ್ಟು?"

ಮನೆಗೆ ಹೋದಾಗ ಸರ್ವಮಂಗಳ ಬಾಗಿಲಲ್ಲೇ ಇದ್ದಳು. "ಮಾರಿದ್ರಾ?"

"ಇಲ್ಲ ಕಣೇ. ಒಂದೂ ಇಲ್ಲ" ಅಂದ. ಪತ್ರ ತೆಗೆದು ಹರಿದ. ಆಮೇಲೆ, ಹಿಡಿ ಕೂರಿಸೋಕೆ ಅಂತ ಆ ಹೆಂಗಸು ಮುಂಗಡದ ಜೊತೆ ಕೊಟ್ಟಿದ್ದ ದೋಸೆ ಹಂಚನ್ನ ಚೀಲದಿಂದ ತೆಗೆದು ಸರ್ವಮಂಗಳನ ಕೈಗೆ ಕೊಟ್ಟ. "ಹೆಂಗೆ ಹಿಡಿದರೆ ಕೈ ಸುಡಲ್ಲ, ಸ್ವಲ್ಪ ಹಿಡಿದು ತೋರಿಸ್ತೀಯಾ?"

ಹದಿನೆಂಟು ವರ್ಷದ ಸಂಸಾರದಲ್ಲಿ ಅಡುಗೆಮನೆ ವಿಷಯ ಅವಳನ್ನ ಕೇಳಿದ್ದು ಅದೇ ಮೊದಲು. ಅವಳು ಹಿಡಿದು ತೋರಿಸಿದಳು. ಅವನು ಗುರುತು ಹಾಕಿಕೊಂಡ.

ಕೋಟ್ಯಧೀಶ ಆದನಾ ಅಂತ ಕಾಯ್ತಾ ಇದ್ದೀರಿ, ಮುಖದಲ್ಲೇ ಗೊತ್ತಾಗುತ್ತೆ. ಆಗಲಿಲ್ಲ. ಸೋಮವಾರ ಎಂದಿನಂತೆ ಕಾಲೇಜಿಗೆ ಹೋದ. ಭಾನುವಾರಗಳಲ್ಲಿ ಹಿಡಿ ಮಾಡಿ ಮಾರಿದ, ಕೇಳಿದವರಿಗೆ ಕೇಳಿದಷ್ಟೇ. ಸರ್ವಮಂಗಳನೇ ಪ್ರತಿಯೊಂದನ್ನೂ ಹಿಡಿದು ನೋಡಿ ಪಾಸು ಮಾಡ್ತಿದ್ದಳು. ಗಂಡ ಹೆಂಡತಿ ದಿನಾ ಒಂದು ಗಂಟೆ ಮಾತಾಡೋ ಹಾಗಾಯ್ತು. ಇದಕ್ಕಿಂತ ದೊಡ್ಡ ಲಾಭ ನಿಮ್ಮಲ್ಲಿ ಯಾರಿಗಾದ್ರೂ ಆಗಿದ್ರೆ ಕೈ ಎತ್ತಿ. ಯಾರೂ ಇಲ್ಲ? ನನಗೆ ಗೊತ್ತಿತ್ತು.

ಈಗ ನಿಮ್ಮ ಸರದಿ. ನಗಬೇಡಿ. ಈ ಮಠಕ್ಕೆ ಭಕ್ತರು ಕೊಟ್ಟ ಗೋಡೆ ಗಡಿಯಾರ ಹದಿನಾರು. ಎಲ್ಲದರ ಮೇಲೂ ನಿಮ್ಮ ತೀರ್ಥರೂಪರ ಹೆಸರು. ಹೆಂಗಸರ ಸ್ನಾನದ ಮನೆ ಬಾಗಿಲಿಗೆ ಚಿಲಕ ಇಲ್ಲ. ಯಾರಾದ್ರೂ ಕೇಳಿದಿರಾ? ಕೊಡೋನಿಗೆ ಏನು ಇಷ್ಟವೋ ಅದನ್ನ ಕೊಡ್ತೀರಿ, ಬೇಕಾದವನಿಗೆ ಏನು ಬೇಕು ಅಂತ ನೋಡಲ್ಲ. ಸೇವೆಯೂ ಹಾಗೇ, ಪ್ರೀತಿಯೂ ಹಾಗೇ, ವ್ಯಾಪಾರವೂ ಹಾಗೇ.

ನಿಮ್ಮಲ್ಲಿ ಅಂಗಡಿ ಹಾಕಬೇಕು, ಏನೋ ಮಾಡಿ ಮಾರಬೇಕು ಅನ್ನೋರು ಇದ್ರೆ ಕೇಳಿ. ಹೆಂಗಿದೆ ಅಂತ ಯಾರನ್ನೂ ಕೇಳಬೇಡಿ, ನಮ್ಮ ಜನ ಸೌಜನ್ಯಕ್ಕೆ ಸುಳ್ಳು ಹೇಳ್ತಾರೆ. ಜನ ಈಗಾಗಲೇ ಎಲ್ಲಿ ಬಟ್ಟೆ ಸುತ್ತಿ, ತಂತಿ ಕಟ್ಟಿ, ಬೈಕೊಂಡು ಕಾಲ ಹಾಕ್ತಿದ್ದಾರೆ ಅಂತ ನೋಡಿ. ಒಂದು ಮಾಡಿ. ನಿಮ್ಮ ಮುಖದಾಕ್ಷಿಣ್ಯ ಇಲ್ಲದವನಿಗೆ ಮಾರಿ. ಆಮೇಲೆ ಎರಡನೆಯದು.

ಮಾರೋ ಆಸೆ ಇಲ್ಲದವರಿಗೂ ಕೆಲಸ ಇದೆ. ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಒಬ್ಬರು ಕೆಲಸ ಮಾಡೋ ಕಡೆ ಹೋಗಿ ಅರ್ಧ ಗಂಟೆ ನಿಲ್ಲಿ. ಸಲಹೆ ಕೊಡಬೇಡಿ. ಮೊಬೈಲ್ ತೆಗೀಬೇಡಿ. ಅವರಿಗೆ ಎಲ್ಲಿ ನೋವಾಗ್ತಿದೆ, ನೋಡಿ. ಕಾಣಿಸಿದರೆ, ಊಟಕ್ಕೆ ಕೂರೋ ಮೊದಲು ಅದನ್ನ ಸರಿ ಮಾಡಿ.