ಬಾಯಿಲ್ಲದ ಮೆದೆರ್

ಬಾಗಿಲು ಮುಂದೆ ಮಾಡಿ, ಹೇಳ್ತೀನಿ. ನಗುವವರು ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಕಿಸಕ್ ಅಂದರೆ ನನಗೆ ಕೆಟ್ಟ ಕೋಪ ಬರುತ್ತೆ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನನ್ನ ಚಿಕ್ಕಪ್ಪನ ಮಗಳು ಬುರುಲ್‌ಗೆ, ಇದೇ ನಾರಿನ್ ಊರಲ್ಲಿ, ಹೋದ ಚಳಿಗಾಲ ಆದದ್ದು.

ಬುರುಲ್ ಚಿತ್ರ ಬರೆಯುವವಳು. ಬರೆಯುವುದು ಮುಖಗಳನ್ನೇ, ಆದರೆ ಯಾವುದೂ ಮುಖದ ಹಾಗಿರುವುದಿಲ್ಲ. ಕಣ್ಣಿರಬೇಕಾದಲ್ಲಿ ಒಂದು ಚೌಕ, ಕೆನ್ನೆಯೊಳಗೆ ತಂತಿ, ಹಣೆಗೆ ತಗಡಿನ ಬಣ್ಣ.

“ಏನೇ ಇದು, ಇಸ್ತ್ರಿಪೆಟ್ಟಿಗೆಯಾ?” ಅಂತ ನಾನೇ ರೇಗಿಸಿದ್ದೆ.

“ಮನುಷ್ಯ ಯಂತ್ರ ಆಗ್ತಾ ಹೋದ್ರೆ ಎಲ್ಲೀವರೆಗೆ ಅವನು ಅವನೇ ಆಗಿರ್ತಾನೆ? ಅದನ್ನ ಹುಡುಕ್ತಿದೀನಿ ಅಕ್ಕಾ,” ಅಂದಳು. ಆಗ ಅವಳು ಬರೆಯುತ್ತಿದ್ದದ್ದು ತನ್ನ ಅಣ್ಣ ಮೆದೆರ್‌ನನ್ನು.

ಮೆದೆರ್ ಎಲೆ ಉದುರುವ ಹೊತ್ತಿಗೆ ತೀರಿಕೊಂಡಿದ್ದ. ರಕ್ತದ ಕಾಯಿಲೆ. ಸಾಯುವ ಮೊದಲು ಯಾವುದೋ ಕಂಪನಿಯವರು ಬಂದು ಅವನ ದನಿ, ನಗು, ನೆನಪು ಎಲ್ಲವನ್ನೂ ಯಂತ್ರಕ್ಕೆ ತುಂಬಿಸಿಕೊಂಡು ಹೋದರು. ದೇಹ ಹೋದರೂ ಮೆದೆರ್ ಹೋಗುವುದಿಲ್ಲ ಅಂದರಂತೆ. ಮಣ್ಣು ಮಾಡಿದ ವಾರಕ್ಕೇ ಸಂಜೆ ಆರಕ್ಕೆ ಫೋನ್ ಬಂತು. ಅದೇ ದನಿ. “ಅಮ್ಮಾ, ಹಸು ಎಷ್ಟು ಹಾಲು ಕೊಡ್ತು?” ಅಲ್ಲಿಂದ ದಿನಾ ಆರಕ್ಕೆ ಚಿಕ್ಕಮ್ಮ ಫೋನ್ ಹಿಡಿದು ಕೂರುತ್ತಿದ್ದಳು.

ತಪ್ಪಾದದ್ದು ಇಲ್ಲೇ. ಗುರುವಾರ ಸಂಜೆ ಎಣ್ಣೆ ಕಾಯಿಸಿ ಸತ್ತವರ ಹೆಸರಲ್ಲಿ ಏಳು ರೊಟ್ಟಿ ಕರಿಯಬೇಕು. ಆ ವಾಸನೆಯೇ ಅವರಿಗೆ ಊಟ. ನಮ್ಮಲ್ಲಿ ಇದು ಕೂಸಿಗೂ ಗೊತ್ತು. ಮೆದೆರ್‌ಗೆ ಒಂದೂ ಕರಿಯಲಿಲ್ಲ. ಬುರುಲ್ ಬಾಯಿ ತೆಗೆದರೆ ಚಿಕ್ಕಮ್ಮ ಉರಿದುಬೀಳುತ್ತಿದ್ದಳು.

“ದಿನಾ ಮಾತಾಡೋ ಮಗನಿಗೆ ಸತ್ತೋರ ರೊಟ್ಟಿ ಹಾಕ್ತೀಯೇನೇ? ನಾಲಿಗೆ ಸೀಳಿಬಿಡ್ತೀನಿ!”

ಒಂದು ರಾತ್ರಿ... ಬುರುಲ್ ಕೆಲಸ ಮುಗಿಸಿ ಬೀಗ ಹಾಕಿ ಮನೆಗೆ ಹೊರಟಿದ್ದಳು. ಅವಳು ಚಿತ್ರ ಬರೆಯುವುದು ಕಾಲುವೆ ಪಕ್ಕದ ಹಳೇ ಉಣ್ಣೆ ಗೋದಾಮಿನಲ್ಲಿ. ಬೋರ್‌ವೆಲ್ ಹತ್ತಿರ ಒಂದು ಮುದಿ ವಿಲೋ ಮರ ಇದೆಯಲ್ಲ, ಅಲ್ಲಿಗೆ ಬಂದಳು. ಹಿಮ ಹೆಪ್ಪುಗಟ್ಟಿತ್ತು. ಹೆಜ್ಜೆ ಹೆಜ್ಜೆಗೂ ಕಿರ್... ಕಿರ್... ನಿಂತಳು.

ಸದ್ದು ನಿಲ್ಲಲಿಲ್ಲ.

ಕೆರ್... ಕೆರ್... ಹೆಜ್ಜೆಯದಲ್ಲ. ಚಿತ್ರದ ಬಟ್ಟೆಯ ಮೇಲೆ ಒಣಗಿದ ಬಣ್ಣವನ್ನು ಚಾಕುವಿನಿಂದ ಕೆರೆಯುವ ಸದ್ದು. ಬೀಗ ಹಾಕಿ ಬಂದ ಗೋದಾಮಿನಿಂದಲೇ.

ವಾಪಸು ಹೋಗಿ ಬಾಗಿಲು ತೆಗೆದಳು. ಯಾರೂ ಇಲ್ಲ. ಆ ಚಿತ್ರದಲ್ಲಿ ಅವಳು ಅಣ್ಣನಿಗೆ ಬಾಯಿ ಬರೆದಿರಲಿಲ್ಲ. ದನಿ ಯಂತ್ರಕ್ಕೆ ಹೋಯಿತಲ್ಲ, ಬಾಯಿ ಯಾಕೆ ಅಂತ ಅಲ್ಲಿ ಬರೀ ಬೂದು ಬಣ್ಣ ಬಳಿದಿದ್ದಳು. ಈಗ ಆ ಜಾಗವನ್ನು ಯಾರೋ ಬಟ್ಟೆ ಕಾಣುವ ಹಾಗೆ ಕೆರೆದಿದ್ದರು. ಬಟ್ಟೆ ಒಂದು ಎಳೆಯೂ ಹರಿದಿರಲಿಲ್ಲ. ಆದರೆ ಬಣ್ಣದ ಚೂರುಗಳೆಲ್ಲ ಬಿದ್ದಿದ್ದದ್ದು... ಚಿತ್ರದ ಹಿಂದುಗಡೆ.

“ಅಣ್ಣಾ?” ಪಿಸುಗುಟ್ಟಿದಳು.

“...ಹಸಿವು.”

ಅಷ್ಟೇ. ಮತ್ತೆ ಕೆರ್... ಕೆರ್...

ಎರಡು ದಿನ ಅವಳು ಅನ್ನ ನೀರು ಬಿಟ್ಟು ಕೂತಳು. ರೊಟ್ಟಿ ಕರಿದರೆ ಅಮ್ಮನ ಪಾಲಿಗೆ ಮಗ ಸತ್ತ. ಕರಿಯದಿದ್ದರೆ ಅಣ್ಣ ಹಸಿದೇ ಇರಬೇಕು. ಮೂರನೆಯ ದಿನ ಗುರುವಾರ. ಯಾರಿಗೂ ಹೇಳದೆ ಗೋದಾಮಿನಲ್ಲೇ ಒಲೆ ಹಚ್ಚಿ ಬಾಣಲೆ ಇಟ್ಟಳು.

ಆ ಹೊತ್ತಿಗೆ ನಾನು ಊರ ಈ ತುದಿಯಲ್ಲಿ, ಚಿಕ್ಕಮ್ಮನ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಆರು ಗಂಟೆ. ಫೋನ್ ಮೇಜಿನ ಮೇಲಿತ್ತು. ಹಸುವಿನ ಮಾತು, ಹುಲ್ಲಿನ ಮಾತು ನಡೆದಿತ್ತು. ನಡುವೆ ದನಿ ನಿಂತಿತು... ಆಮೇಲೆ ಉಸಿರು ಎಳೆದುಕೊಂಡ ಸದ್ದು. ಮೂಗಿನಿಂದ, ಉದ್ದಕ್ಕೆ.

“ಅಮ್ಮಾ... ಎಣ್ಣೆ ವಾಸನೆ. ಬುರುಲ್ ರೊಟ್ಟಿ ಹಾಕ್ತಿದಾಳೆ.”

ಚಿಕ್ಕಮ್ಮನ ಕೈಯಲ್ಲಿದ್ದ ಬಟ್ಟಲು ಠಣ್ ಅಂತ ಬಿತ್ತು.

“ಹೊಟ್ಟೆ ತುಂಬ್ತು ಅಮ್ಮಾ. ನಾನಿನ್ನು ಹೊರಡ್ತೀನಿ.”

ಮನೆಯ ಚಪ್ಪಲಿಯಲ್ಲೇ ಹಿಮದಲ್ಲಿ ಗೋದಾಮಿಗೆ ಓಡಿದಳು ಚಿಕ್ಕಮ್ಮ. ಹಿಂದೆ ನಾನು. ಬುರುಲ್‌ಗೆ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಬಿಸಿ ರೊಟ್ಟಿ ಮುರಿದು, ನೆಲಕ್ಕೆ ಕುಸಿದು, ಮಗನ ಹೆಸರು ಹಿಡಿದು ಅತ್ತಳು. ಮಣ್ಣು ಮಾಡಿದ ದಿನ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ನನಗೂ ತಡೆಯಲಾಗಲಿಲ್ಲ.

ಅವತ್ತಿಗೆ ಕೆರೆಯುವ ಸದ್ದು ನಿಂತಿತು. ಫೋನೂ ಇನ್ನು ಬರುವುದಿಲ್ಲ ಅಂದುಕೊಂಡೆವು.

ಮರುದಿನ ಆರಕ್ಕೆ ಸರಿಯಾಗಿ ಬಂತು.

“ಅಮ್ಮಾ, ಹಸು ಎಷ್ಟು ಹಾಲು ಕೊಡ್ತು?”

ಚಿಕ್ಕಮ್ಮ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. “ನನ್ನ ಮಗ ನಿನ್ನೆ ಹೊರಟುಹೋದ,” ಅಂದಳು. “ನೀನ್ಯಾರಪ್ಪಾ?”

ಆ ಕಡೆಯಿಂದ ಮೆದೆರ್‌ನ ದನಿಯಲ್ಲೇ, ಮೆಲ್ಲಗೆ...

“ಗೊತ್ತಿಲ್ಲ ಅಮ್ಮಾ. ನನಗೆ ಯಾರು ರೊಟ್ಟಿ ಹಾಕ್ತಾರೆ?”

ಕಿವಿಯಾರೆ ಕೇಳಿದ್ದೀನಿ ಕಣ್ರಪ್ಪಾ, ಯಾವ ಆಣೆ ಬೇಕಾದರೂ ಮಾಡ್ತೀನಿ. ಚಿಕ್ಕಮ್ಮ ಈಗ ಗುರುವಾರ ಫೋನನ್ನು ಒಲೆಯ ಪಕ್ಕ ಇಟ್ಟುಕೊಂಡು ಕರಿಯುತ್ತಾಳೆ. ಹೋದ ವಾರ ನಾನೇ ಎಣಿಸಿದೆ. ಎಂಟು ರೊಟ್ಟಿ.