ಒಂದು ಗ್ಲಾಸು ಅಂದ್ರು
ಅಮ್ಮನ ರಿಪೋರ್ಟಿಗಾಗಿ ಆಸ್ಪತ್ರೆಯ ಬೆಂಚಿನಲ್ಲಿ ಕಾದಿದ್ದ ಟೈಲರಮ್ಮನ ಕಿವಿ ಪಕ್ಕದ ಮಾತಿಗೆ ಅಂಟಿಕೊಂಡಿತು. ಗಂಟಲಿನ ಆಪರೇಷನ್ ಆಗಿದ್ದ ಬಡಗಿಯೊಬ್ಬ ಆಗಷ್ಟೇ ಡಾಕ್ಟರ ಕೋಣೆಯಿಂದ ಹೊರಬಂದಿದ್ದ. ಅವನ ಗೆಳೆಯ ಪೇಂಟರು ಎದ್ದು ನಿಂತ.

“ಏನಂದ್ರೋ?”

“ಪೂರ್ತಿ ವಾಸಿಯಾಗಿದೆಯಂತೆ. ಏನು ಬೇಕಾದ್ರೂ ನುಂಗಬಹುದಂತೆ.”

“ಬಿಯರು?”

“ಕೇಳ್ದೆ. ಒಂದು ಗ್ಲಾಸು ಅಂದ್ರು.”

“ಅದನ್ನೂ ಕೇಳಿಬಿಟ್ಯಾ, ಪುಣ್ಯಾತ್ಮ.”

“ಆರು ತಿಂಗಳು ನೀವೆಲ್ಲ ಪಬ್ಬಲ್ಲಿ ಮಜಾ ಮಾಡಿರ್ತೀರಿ.”

“ಒಂದೇ ಸಲ ಹೋಗಿದ್ವಿ ಕಣೋ. ಅರ್ಧಕ್ಕೇ ಎದ್ದು ಬಂದ್ವಿ.”

“ಯಾಕೆ?”

“ನಿನ್ನ ಹಾಗೆ ಬುರುಡೆ ಬಿಡೋರು ಇರ್ಲಿಲ್ಲ. ಬಿಯರೂ ಸಪ್ಪೆ ಅನ್ನಿಸ್ತು.”

ಬಡಗಿ ಗಂಟಲು ಸವರಿಕೊಂಡ. “ದನಿ ಹಿಂಗಾಗಿದೆ. ಅಲ್ಲಿನ ಗಲಾಟೇಲಿ ಯಾರಿಗೂ ಕೇಳಿಸಲ್ಲ.”

“ಹತ್ರ ಹತ್ರ ಕೂತ್ಕೋತೀವಿ ಬಿಡು. ನಡಿ.”

ಪೇಂಟರು ಅವನ ಚೀಲ ಹೆಗಲಿಗೇರಿಸಿಕೊಂಡ. ಇಬ್ಬರೂ ಮೆಟ್ಟಿಲಿಳಿದು ಹೋದರು. ಟೈಲರಮ್ಮನಿಗೆ ಯಾಕೋ ಎದೆ ಹಗುರಾಯಿತು.