ಇಪ್ಪತ್ತು ಪಾಯಿಂಟ್ ಸೊನ್ನೆ ಆರು

ನಾನು, ಕಾಣೆಯಾದ ಲಾರಿ ಚಾಲಕನ ಅಕ್ಕ, ವಯಸ್ಸು 41, ಯಂತ್ರಗಳಿಗೆ ಹಾಕುವ ಉಕ್ಕಿನ ಉಂಗುರಗಳ ಕಾರ್ಖಾನೆಯಲ್ಲಿ ಅಳತೆ ತಪಾಸಣೆ ಕೆಲಸ, ವಾಸ ನೀರಿನ ಟ್ಯಾಂಕಿನ ಎದುರು ಮನೆ, ಈ ದಿನ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಮ್ಮ ಕಳೆದ ಸೋಮವಾರ ಬೆಳಿಗ್ಗೆ ಲಾರಿ ತೆಗೆದುಕೊಂಡು ಹೋದವನು ಹಿಂತಿರುಗಲಿಲ್ಲ. ನಿನ್ನೆ, ಶನಿವಾರ, ಕಾಲುವೆಯಲ್ಲಿ ಸಿಕ್ಕ ಶವವನ್ನು ನೋಡಲು ನನ್ನನ್ನೂ ನಮ್ಮ ಅಣ್ಣನನ್ನೂ ಕರೆಸಿದರು. ಮುಖ ಗುರುತು ಹಿಡಿಯುವಂತಿರಲಿಲ್ಲ. ಅಣ್ಣನು ಒಮ್ಮೆ ನೋಡಿ, ಇವನು ನಮ್ಮೋನಲ್ಲ, ನಡಿಯೇ ಮನೆಗೆ ಎಂದು ಹೊರಟೇಬಿಟ್ಟನು. ನನ್ನ ಜೀವವೂ ಹೌದೌದು ಎಂದಿತು. ಆಗ ಪೇದೆಯವರು ಶವದ ಬೆರಳಿನಿಂದ ತೆಗೆದ ಉಕ್ಕಿನ ಉಂಗುರವನ್ನು ತೋರಿಸಿದರು.

ಇಂಥವು ನಮ್ಮಲ್ಲಿ ದಿನಾ ರಾಶಿ ರಾಶಿ ತಯಾರಾಗ್ತವೆ, ಯಾರ ಬೆರಳಲ್ಲಾದ್ರೂ ಇರಬಹುದು ಎಂದು ಅಣ್ಣನು ವಾದಿಸಿದನು. ಅದು ನಿಜ. ಆದರೆ ತಮ್ಮನ ಉಂಗುರದ ಕಥೆ ಬೇರೆ. ಒಳ ಅಳತೆ 20.00 ಮಿಲಿಮೀಟರ್ ಇರಬೇಕಾದದ್ದು 20.06 ಬಂದಾಗ ನಾನು ಅಳೆಯುವ ಉಪಕರಣಕ್ಕೇ, ಗೇಜಿಗೇ, ಬೈದಿದ್ದೆ. ಅಣ್ಣನಿಗೂ ಅದೇ ಕಾರ್ಖಾನೆಯ ತಪಾಸಣೆ ಕೊಠಡಿಯಲ್ಲೇ ಕೆಲಸ. ಅವನು ಅಳೆದಾಗಲೂ ಅಷ್ಟೇ ಬಂತು. ಕೆಟ್ಟಿದ್ದು ಗೇಜಲ್ಲ, ಉಂಗುರ. ರಿಜೆಕ್ಟ್ ಎಂದು ಪಕ್ಕಕ್ಕಿಟ್ಟ ಅದನ್ನು ಮನೆಗೆ ತಂದೆ. ತಮ್ಮನು, ಈ ಮನೇಲಿ ನಾನೂ ರಿಜೆಕ್ಟ್ ಮಾಲೇ ಅಲ್ವೇನಕ್ಕಾ, ನಂಗೇ ಇರ್ಲಿ ಬಿಡು ಎಂದು ನಗುತ್ತಾ ಬೆರಳಿಗೆ ಹಾಕಿಕೊಂಡನು. ಹತ್ತನೇ ತರಗತಿ ಫೇಲಾದಾಗಿನಿಂದ ತನ್ನನ್ನು ಹಾಗೇ ಕರೆದುಕೊಳ್ಳುತ್ತಿದ್ದನು. ನಾವ್ಯಾರೂ ಹಾಗೆ ಅಂದವರಲ್ಲ.

ಈ ದಿನ ಠಾಣೆಯ ಸಾಹೇಬರ ಅನುಮತಿ ಪಡೆದು ಕಾರ್ಖಾನೆಯಿಂದ ಗೇಜ್ ತಂದೆವು. ಮೊದಲು ಸರಿ ಅಳತೆಯ ಮಾದರಿ ಉಂಗುರವನ್ನು ಅಳೆದು, ಗೇಜ್ ಸುಳ್ಳು ಹೇಳುತ್ತಿಲ್ಲವೆಂದು ಖಚಿತಪಡಿಸಿಕೊಂಡೆ. ಒಬ್ಬರ ಅಳತೆ ಇನ್ನೊಬ್ಬರ ಕಿವಿಗೆ ಬೀಳಬಾರದೆಂಬುದು ನಮ್ಮ ನಿಯಮ. ಬಿದ್ದರೆ ಕಣ್ಣು ಅದನ್ನೇ ಕಾಣುತ್ತದೆ. ಆದ್ದರಿಂದ ಅಣ್ಣನನ್ನು ಹೊರಗೆ ಕಳುಹಿಸಿ ಮೂರು ಸಲ ಅಳೆದೆ. ಮೂರು ಸಲವೂ 20.06.

ನಂತರ ಅಣ್ಣನು ಒಳಗೆ ಹೋದನು. ಇಬ್ಬರ ಅಳತೆ ಹೊಂದಬೇಕೆಂದು ಇಷ್ಟು ವರ್ಷ ದುಡಿದವಳು, ವರಾಂಡದ ಬೆಂಚಿನ ಮೇಲೆ ಕುಳಿತು, ಇದೊಂದು ಸಲ ಹೊಂದದಿರಲಿ ದೇವರೇ ಎಂದು ಬೇಡಿಕೊಂಡೆ. ಅಣ್ಣನು ಬಹಳ ಹೊತ್ತು ಬರಲಿಲ್ಲ. ಪ್ರತಿ ಸಲ ಉಂಗುರವನ್ನು ಒರೆಸಿ ಮತ್ತೆ ಮತ್ತೆ ಅಳೆಯುತ್ತಿದ್ದನೆಂದು ಪೇದೆಯವರು ತಿಳಿಸಿದರು. ಬಂದವನು ಅಳತೆ ಹೇಳಲಿಲ್ಲ. ಅಮ್ಮಂಗೆ ನೀನೇ ಹೇಳು, ನನ್ನ ಕೈಲಾಗಲ್ಲ ಎಂದನು.

ಜಪ್ತಿ ಚೀಟಿಯಲ್ಲಿ "ರಿಜೆಕ್ಟ್ ಉಂಗುರ" ಎಂದು ನಮೂದಾಗಿದೆ. ರಿಜೆಕ್ಟ್ ಎಂಬ ಪದವನ್ನು ಹೊಡೆದುಹಾಕಬೇಕಾಗಿ ಕೇಳಿಕೊಳ್ಳುತ್ತೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ. ಓದಿಸಿ ಕೇಳಿದ್ದೇನೆ, ನಿಜವಿದೆ.

ಸ್ಥಳ: ಠಾಣೆ
ದಿನ: ಭಾನುವಾರ
ಸಹಿ: ಮೃತನ ಅಕ್ಕ